ನಗು ಮಾರುವ ಅಂಗಡಿಯಲ್ಲಿ ಕಂದು ಹಲ್ಲು

ಹಲ್ಲು ಚೆಂದ ಮಾಡುವ ದವಾಖಾನೆಯಲ್ಲಿ ಕೆಲಸಕ್ಕಿದ್ದರೆ ನಗು ಬರುವ ಪ್ರಸಂಗಗಳಿಗೆ ಬರವಿಲ್ಲ. ನಗಲಿಕ್ಕೆ ಮಾತ್ರ ನನಗೆ ಪರವಾನಗಿ ಇರಲಿಲ್ಲ.

೧. ಮಾಸ್ಕಿನ ಕರಾರು

ನಮ್ಮದು ಯಾದಗಿರಿ ಕಡೆಯ ಹಳ್ಳಿ. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು ಕಾತ್ರಜದಲ್ಲಿ ನೆಲೆ ನಿಂತರು. ನಾನು ಚಿಕ್ಕಂದಿನಲ್ಲಿ ಅಜ್ಜಿಯ ಹತ್ತಿರ ಊರಲ್ಲೇ ಇದ್ದು ಅಲ್ಲಿನ ಬೋರ್‌ವೆಲ್ ನೀರು ಕುಡಿದವಳು. ಆ ನೀರು ಕುಡಿದವರ ಹಲ್ಲೆಲ್ಲ ಕಂದು. ಎಷ್ಟು ತಿಕ್ಕಿದರೂ ಹೋಗುವ ಬಣ್ಣವಲ್ಲ ಅದು. ಇಂಥ ಹಲ್ಲಿಟ್ಟುಕೊಂಡು ಶಿವಾಜಿನಗರದ ಹಲ್ಲಿನ ದವಾಖಾನೆಯಲ್ಲಿ ರಿಸೆಪ್ಷನ್ ಕೆಲಸ ಕೇಳಲು ಹೋದೆ ನೋಡಿ, ನನ್ನ ಧೈರ್ಯವೇ ಧೈರ್ಯ.

ಡಾಕ್ಟರಿಗೆ ಕನ್ನಡ ಒಂದಕ್ಷರ ಬಾರದು. ಕನ್ನಡದ ಪೇಶಂಟುಗಳ ಜೊತೆ ಮಾತಾಡುವವರು ಬೇಕಾಗಿದ್ದರು. ನನಗೆ ಕನ್ನಡ, ಮರಾಠಿ ಎರಡೂ ಬರುತ್ತವೆಂದು ಖುಷಿಪಟ್ಟರು. ಆ ಖುಷಿಗೆ ನಾನೂ ನಕ್ಕೆ. ಅವರ ಖುಷಿ ಅಲ್ಲಿಗೇ ನಿಂತಿತು.

“ಪೇಶಂಟ್ ಎದುರು ಮಾಸ್ಕ್ ತೆಗೀಬೇಡ,” ಎಂದರು ಮರಾಠಿಯಲ್ಲಿ. “ದೀಪಾವಳಿ ಆಗಲಿ, ನಿನ್ನ ಹಲ್ಲು ನಾನೇ ಪುಕ್ಕಟೆ ಮಾಡಿಕೊಡ್ತೀನಿ.”

ಯಾವ ವರ್ಷದ ದೀಪಾವಳಿ ಎಂದು ಕೇಳುವಷ್ಟು ಬುದ್ಧಿ ಆಗ ನನಗಿರಲಿಲ್ಲ.

೨. ಟೈಲ್ಸ್ ಬಣ್ಣ

ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರು ಬಂದರು, ವಿಜಯಪುರದ ಕಡೆಯವರು. ಹಲ್ಲಿನ ಮೇಲೆ ತೆಳ್ಳಗಿನ ಬಿಳಿ ಹೊದಿಕೆ ಅಂಟಿಸುವ ಮೊದಲು ಬಣ್ಣದ ಮಾದರಿಗಳನ್ನು ತೋರಿಸಿ ಆರಿಸಲು ಹೇಳುತ್ತೇವೆ. ಅವರು ಮಾದರಿಗಳನ್ನು ಕಿಟಕಿಯ ಬೆಳಕಿಗೆ ಒಯ್ದು, ತಿರುಗಿಸಿ ಮುರುಗಿಸಿ ನೋಡಿ, ಎಲ್ಲಕ್ಕಿಂತ ಬೆಳ್ಳಗಿನದನ್ನು ಹಿಡಿದರು.

“ಕಾಕಾ, ಇದು ಬಚ್ಚಲ ಮನಿ ಟೈಲ್ಸ್ ಕಂಡಂಗ ಕಾಣ್ತದ್ರಿ,” ಎಂದೆ.

“ಕಾಣ್ಲಿ ಬಿಡವ್ವ. ರೊಕ್ಕ ಸುರಿದದ್ದು ಮಂದಿಗೆ ಕಾಣಬ್ಯಾಡೇನು?”

ಕೆಲವೇ ದಿನಗಳಲ್ಲಿ ಕಾಕಾ ಸಿಟ್ಟಿನಿಂದ ವಾಪಸ್ಸು ಬಂದರು. “ನಮ್ಮ ಬೀಗರು ತೀರಿಕೊಂಡ್ರು, ಮಣ್ಣಿಗೆ ಹೋಗಿದ್ದೆ. ತುಟಿ ಪೂರಾ ಮುಚ್ಚವಲ್ದು. ಮಂದಿ ಅಳಾಕತ್ತಾರ, ನಾ ಒಬ್ಬಾಂವ ಹಲ್ಲು ಕಿಸಿದು ನಿಂತೀನಿ. ಬೀಗತಿ ನನ್ನ ಜೋಡಿ ಮಾತು ಬಿಟ್ಟಾಳ. ಏನ್ ಮಾಡ್ಲಿ ಹೇಳು?”

ನನಗೆ ಗೊತ್ತಿದ್ದ ಚಿಕಿತ್ಸೆ ಒಂದೇ. ಮೇಜಿನ ಮೇಲಿನ ಡಬ್ಬಿಯಿಂದ ಒಂದು ಮಾಸ್ಕ್ ತೆಗೆದುಕೊಟ್ಟೆ.

೩. ಗೋಡೆಯ ಮೇಲಿನ ಹಲ್ಲು

ಒಂದು ದಿನ ಡಾಕ್ಟರ್ ಕರೆದು, “ಬಾ, ಚೇರ್ ಮೇಲೆ ಕೂತ್ಕೋ. ಬಾಯಿ ತೆಗಿ,” ಎಂದರು. ಅಂತೂ ನನ್ನ ಪಾಳಿ ಬಂತೆಂದು ಕಣ್ಣು ಮುಚ್ಚಿ ಬಾಯಿ ತೆರೆದೆ. ಕ್ಯಾಮೆರಾ ಕ್ಲಿಕ್ ಎಂದಿತು.

“ಆಯ್ತು, ಏಳು.”

ಮುಂದಿನ ವಾರ ಗೋಡೆಗೆ ದೊಡ್ಡ ಪೋಸ್ಟರ್ ಬಂತು. ಎಡಕ್ಕೆ ‘ಮೊದಲು’ ಎಂದು ನನ್ನ ಬಾಯಿ, ವಕ್ರ ಕೋರೆಹಲ್ಲು ಸಮೇತ. ಬಲಕ್ಕೆ ‘ಆಮೇಲೆ’ ಎಂದು ಯಾರದೋ ಮುತ್ತಿನಂಥ ಹಲ್ಲು. ನನಗೆ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ದೀಪಾವಳಿಯ ಮಾತು ಏನಾಯಿತೆಂದು ಕೇಳಿಯೇಬಿಟ್ಟೆ.

“ಅರೆ, ನಿನ್ನ ಹಲ್ಲು ಸರಿ ಮಾಡಿಬಿಟ್ಟರೆ ‘ಮೊದಲು’ ಅಂತ ಯಾರನ್ನ ತೋರಿಸಲಿ?” ಎಂದರು ಡಾಕ್ಟರ್.

ನನಗೆ ಊಟದ ಡಬ್ಬಿ ಕೊಡಲು ಬಂದಿದ್ದ ಅವ್ವ ಪೋಸ್ಟರನ್ನೂ ನನ್ನನ್ನೂ ನೋಡಿ ಕೇಳಿದಳು: “ಗ್ವಾಡಿ ಮ್ಯಾಲ ಬೆಳ್ಳಗಾಗ್ಯಾವಲ್ಲ, ಬಾಯಾಗ ಯಾವಾಗ ಆಗ್ತಾವ?”

೪. ಗ್ಯಾರಂಟಿ

ಒಂದು ಶನಿವಾರ ಕುರ್ಚಿಯೆಲ್ಲ ತುಂಬಿದ್ದಾಗ ತಾಯಿ ಮಗಳು ಬಂದರು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಗಂಡಿನ ಕಡೆಯವರು ಎಲ್ಲ ಒಪ್ಪಿ, ಹಲ್ಲೊಂದು ಸರಿ ಮಾಡಿಸಿದರೆ ಮಾತ್ರ ಮದುವೆ ಎಂದಿದ್ದರಂತೆ. ಪೋಸ್ಟರ್ ತೋರಿಸಿ ತಾಯಿ ಹೇಳಿದಳು: “ಈ ಹುಡುಗಿಗಿ ಮಾಡಿದಂಗ ನಮ್ಮಾಕಿಗೂ ಮಾಡ್ರಿ. ಕೊಳ್ಳಾಗಿಂದು ಮಾರಿಯಾದ್ರೂ ಮಾಡಿಸ್ತೀನಿ.”

ಹುಡುಗಿ ಸೆರಗು ಸರಿಸಿದಳು. ಅದೇ ಕಂದು. ನಮ್ಮೂರಿನದೇ ನೀರು. ನನಗೆ ಸಂಕಟವಾಯಿತು, ಯೋಚಿಸದೆ ಮಾಸ್ಕ್ ಕೆಳಗೆ ಎಳೆದುಬಿಟ್ಟೆ.

“ಯವ್ವಾ, ನೀ ನಮ್ಮ ಕಡೀ ಆಕಿ!” ಎಂದ ತಾಯಿ ಮರುಕ್ಷಣ ನನ್ನ ಕೋರೆಹಲ್ಲನ್ನೂ ಪೋಸ್ಟರಿನ ಕೋರೆಹಲ್ಲನ್ನೂ ನೋಡಿದಳು. ಅಷ್ಟರಲ್ಲಿ ಡಾಕ್ಟರ್ ಹೊರಗೆ ಬಂದರು. ಆಕೆ ತನ್ನ ಮುರುಕು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಗದರಿದಳು: “ಏನ್ ಡಾಕ್ಟರೇ, ಈಕಿ ಹಲ್ಲು ಬೆಳ್ಳಗ ಮಾಡಿದ್ರಿ, ಮತ್ತ ಮೊದಲಿನಂಗ ಆಗ್ಯಾವಲ್ಲ! ಗ್ಯಾರಂಟಿ ಎಷ್ಟ್ ದಿನದ್ದು?”

ಕುರ್ಚಿಯಲ್ಲಿದ್ದವರೆಲ್ಲ ಡಾಕ್ಟರ್ ಕಡೆ ತಿರುಗಿದರು. ಅವರು ನನ್ನ ಕಡೆ ಬೆರಳು ತೋರಿಸಿದರು.

“ನಾನು ಚೆನ್ನಾಗಿಯೇ ಮಾಡಿದ್ದೆ. ಇವಳು ಹಲ್ಲು ಉಜ್ಜೋದಿಲ್ಲ.”

ಅಷ್ಟೂ ಜನ ಈಗ ನನ್ನ ಬಾಯಿ ನೋಡತೊಡಗಿದರು. ಹುಡುಗಿ ಮೆಲ್ಲಗೆ ಕೇಳಿದಳು: “ಖರೇ ಏನಕ್ಕಾ?”

ನಿಜ ಹೇಳಿದರೆ ನನ್ನ ಹಲ್ಲಿನ ಆಸೆ ಅಲ್ಲಿಗೇ ಮುಗಿದಂತೆ. ಹೇಳದಿದ್ದರೆ ಆ ತಾಯಿ ಕೊರಳಿನ ಬಂಗಾರ ಮಾರುತ್ತಾಳೆ. ಕನ್ನಡದಲ್ಲೇ ಹೇಳಿದೆ: “ಸುಳ್ಳವ್ವ. ನನ್ನ ಹಲ್ಲು ಇವರು ಮುಟ್ಟೇ ಇಲ್ಲ. ಆ ಬಿಳೇ ಹಲ್ಲು ಯಾರವೋ ದೇವರಿಗೇ ಗೊತ್ತು. ಇವರನ್ನ ನಂಬಬ್ಯಾಡ್ರಿ, ಬ್ಯಾರೆ ಕಡೆ ತೋರಿಸ್ರಿ.”

ತಾಯಿ ಮಗಳ ಕೈ ಹಿಡಿದು ಎದ್ದಳು. ಕನ್ನಡ ಬಾರದ ಡಾಕ್ಟರ್, ನಾನು ತಪ್ಪೊಪ್ಪಿಕೊಂಡೆನೆಂದೂ ಅವರು ಒಳಗೆ ಬರಲು ಎದ್ದರೆಂದೂ ಭಾವಿಸಿ, ನಿಟ್ಟುಸಿರು ಬಿಟ್ಟು, ನನ್ನ ಬೆನ್ನು ತಟ್ಟಿ, ಇಡೀ ಕೋಣೆಗೆ ಕೇಳುವಂತೆ ಹೇಳಿದರು: “ಬರೋಬರ್! ಇವಳು ಹೇಳಿದ್ದು ಒಂದೊಂದು ಮಾತೂ ನಿಜ!”