ಆಯುಧಪೂಜೆಗೊಂದು ಅಸಲಿ ಆಯುಧ

ಈ ಸಲದ ಆಯುಧಪೂಜೆಗೆ ನಮ್ಮ ಮನೆಯಲ್ಲಿ ಅಸಲಿ ಆಯುಧವನ್ನೇ ಇಟ್ಟು ತೀರುತ್ತೇನೆ ಎಂದು ನಾನು ಘೋಷಿಸಿದ್ದು ಉಪ್ಪಿಟ್ಟಿನ ತಟ್ಟೆಯ ಮುಂದೆ. ಘೋಷಣೆ ಎಂದರೆ ಘೋಷಣೆ! ಚಮಚವನ್ನು ಮೇಲೆತ್ತಿ ಹಿಡಿದಿದ್ದೆ.

"ನೋಡು ಪಂಕಜಾ, ಪ್ರತಿ ವರ್ಷ ನಾವು ಯಾವುದಕ್ಕೆ ಪೂಜೆ ಮಾಡ್ತೀವಿ? ಮಿಕ್ಸಿ, ಈಳಿಗೆಮಣೆ, ಸ್ಕ್ರೂಡ್ರೈವರ್, ನಿನ್ನ ಸ್ಕೂಟರ್! ಇವೆಲ್ಲ ಆಯುಧಗಳೇನೇ? ನಮ್ಮ ಮುತ್ತಾತ ಅರಮನೆ ಆಯುಧಶಾಲೇಲಿ ಇದ್ದೋರು. ಅವರ ಮರಿಮಗ ಮಿಕ್ಸಿಗೆ ಕುಂಕುಮ ಹಚ್ಕೊಂಡು ಕೂತಿದ್ದಾನೆ!"

"ಮಿಕ್ಸಿ ಆಯುಧ ಅಲ್ಲ ಅನ್ನೋದಾದ್ರೆ ನಾಳೆಯಿಂದ ಚಟ್ನಿ ಬೇಡ ತಾನೇ?" ಎಂದಳು ನನ್ನ ಹೆಂಡತಿ.

ನಾನು ನಡುಮನೆಯ ಗೋಡೆಯತ್ತ ಬೆರಳು ತೋರಿಸಿದೆ. ಅಲ್ಲಿ ಮುತ್ತಾತನ ಫೋಟೋ ಇದೆ. ಜರಿಪೇಟ, ಉದ್ದ ಕೋಟು, ಹುರಿಮೀಸೆ, ಕೈಯಲ್ಲಿ ಆಳುದ್ದದ ಬಂದೂಕು! ಎಂಥ ಗುರಿಕಾರರೋ ಏನೋ! ಸಹಕಾರಿ ಬ್ಯಾಂಕಿನಲ್ಲಿ ನಗದು ಎಣಿಸುವ ನನ್ನ ಕೈಬೆರಳುಗಳಲ್ಲಿ ಆ ರಕ್ತವೇ ಹರಿಯುತ್ತಿದೆ ಎಂದು ನಾನು ಚಿಕ್ಕಂದಿನಿಂದಲೂ ನಂಬಿದ್ದೆ. ಒಂದು ಬಂದೂಕು ಸಿಕ್ಕರೆ ಸಾಕು, ಉಳಿದದ್ದನ್ನು ರಕ್ತವೇ ನೋಡಿಕೊಳ್ಳುತ್ತದೆ!

ನನ್ನ ಆಸೆ ಮೊದಲು ಹೋದದ್ದು ಮದ್ದುಗುಂಡಿನ ಅಸಲಿ ಪಾಯಿಂಟ್ ಟೂ ಟೂ ರೈಫಲ್ಲಿನ ಮೇಲೆ. ಅದಕ್ಕೆ ಲೈಸೆನ್ಸ್ ಬೇಕು ಎಂದು ತಿಳಿಯಿತು. "ಡ್ರೈವಿಂಗ್ ಲೈಸೆನ್ಸ್ ಮುಗಿದು ವರ್ಷ ಆಯ್ತು, ಅದನ್ನೇ ಇನ್ನೂ ಮಾಡಿಸಿಲ್ಲ ನೀವು," ಎಂದು ಪಂಕಜಾ ಆ ಅಧ್ಯಾಯವನ್ನು ಅಲ್ಲಿಗೇ ಮುಗಿಸಿದಳು. ಉಳಿದದ್ದು ಏರ್ ರೈಫಲ್. ಗಾಳಿಯ ಒತ್ತಡದಿಂದ ಪೆಲೆಟ್ ಎಂಬ ಪುಟಾಣಿ ಸೀಸದ ಗುಂಡು ಹಾರಿಸುವ ಬಂದೂಕು. ಕಮ್ಮಿ ಶಕ್ತಿಯದಾದರೆ ಲೈಸೆನ್ಸಿನ ಗೊಡವೆಯಿಲ್ಲ, ಜೇಬಿಗೂ ಭಾರವಲ್ಲ.

"ಆಗ್ಲಿ, ತಗೊಳ್ಳಿ," ಎಂದಳು ಪಂಕಜಾ. ಅಷ್ಟು ಸುಲಭವಾಗಿ ಒಪ್ಪಿದ್ದು ಕಂಡು ನನಗೇ ಭಯವಾಯಿತು. "ಆದ್ರೆ ಒಂದು ಮಾತು. ವಿಜಯದಶಮಿ ದಿನ ಅಂಬಾರಿ ಬನ್ನಿಮಂಟಪ ಸೇರೋದ್ರೊಳಗೆ ಒಂದಾದ್ರೂ ಗುಂಡು ಗುರಿ ಕಾಗದದ ಕಪ್ಪು ಬೊಟ್ಟಿಗೆ ಬೀಳ್ಬೇಕು. ಬೀಳ್ಲಿಲ್ವೋ, ಅದೂ ಅಟ್ಟಕ್ಕೆ!"

ನಮ್ಮ ಅಟ್ಟದ ಬಗ್ಗೆ ಹೇಳಬೇಕು. ನನ್ನ ಹಾರ್ಮೋನಿಯಂ ಅಲ್ಲಿದೆ. ಜೇನುಪೆಟ್ಟಿಗೆ ಅಲ್ಲಿದೆ. ನಕ್ಷತ್ರ ನೋಡುವ ದುರ್ಬೀನು ಅಲ್ಲಿದೆ. ಒಮ್ಮೆ ಆ ಏಣಿ ಹತ್ತಿದ ನನ್ನ ಉತ್ಸಾಹ ಯಾವುದೂ ಮರಳಿ ಇಳಿದದ್ದಿಲ್ಲ. "ಒಂದೇನು, ಹತ್ತು ಬೀಳಿಸ್ತೀನಿ!" ಎಂದೆ.

ಅಂಗಡಿಗೆ ಇಬ್ಬರೂ ಹೋದೆವು. ನನ್ನ ಕಣ್ಣು ನೆಟ್ಟಿದ್ದು ಗೋಡೆಯ ಮೇಲಿನ ಭಾರೀ ರೈಫಲ್ಲಿಗೆ. ಮೇಲೆ ಟೆಲಿಸ್ಕೋಪು, ಕೆಳಗೆ ಮಿರಮಿರ ಮಿಂಚುವ ಮರದ ಹಿಡಿ. ಮುತ್ತಾತನ ಫೋಟೋದಿಂದಲೇ ಇಳಿದು ಬಂದ ಹಾಗಿತ್ತು!

"ನಳಿಕೆ ಮಡಿಸಿ ನೋಡಿ ಸಾರ್," ಎಂದರು ಅಂಗಡಿಯವರು. ನಳಿಕೆಯನ್ನು ಕೆಳಕ್ಕೆ ಮಡಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ, ಆಮೇಲೆ ಪೆಲೆಟ್ ಇಟ್ಟು ನೆಟ್ಟಗೆ ಮಾಡಬೇಕು. ಮಡಿಸಿದೆ. ಬಗ್ಗಲಿಲ್ಲ. ತೊಡೆಗೆ ಒತ್ತಿ ಮಡಿಸಿದೆ. ಬಗ್ಗಿದ್ದು ನನ್ನ ಸೊಂಟ! ಅಂಗಡಿಯವರು ಸೌಜನ್ಯದಿಂದ ಬೀದಿಯ ಕಡೆ ನೋಡಿದರು.

ಪಂಕಜಾ ಪಕ್ಕದ ಹಗುರವಾದ, ಪಾಯಿಂಟ್ ಒನ್ ಸೆವೆನ್ ಸೆವೆನ್ ಎಂಬ ಸಣ್ಣ ಅಳತೆಯ ರೈಫಲ್ಲನ್ನು ಕೈಗೆತ್ತಿಕೊಂಡಳು. ಪ್ರೆಷರ್ ಕುಕ್ಕರ್ ಕೊಳ್ಳುವಾಗಿನ ಗಾಂಭೀರ್ಯದಿಂದ ಅದನ್ನು ಅತ್ತ ಇತ್ತ ತಿರುಗಿಸಿದಳು. ಸಲೀಸಾಗಿ ಮಡಿಸಿದಳು. ಭುಜಕ್ಕೇರಿಸಿ ಸುಮಾರು ಹೊತ್ತು ಹಾಗೇ ನಿಂತು, ಕೈ ಸೋಲುತ್ತದೋ ಎಂದು ಪರೀಕ್ಷಿಸಿದಳು. ಆಮೇಲೆ ಪ್ರಶ್ನೆಗಳ ಸುರಿಮಳೆ!

"ಇದರ ಸ್ಪ್ರಿಂಗ್ ಹೋದ್ರೆ ಇಲ್ಲೇ ಸಿಗತ್ತಾ? ಪೆಲೆಟ್ ಬೇರೆ ಕಡೇನೂ ಸಿಗತ್ತೋ, ನಿಮ್ಮಲ್ಲಿ ಮಾತ್ರಾನೋ? ಟೆಲಿಸ್ಕೋಪ್ ಬೇಕೇ ಬೇಕಾ?"

"ಹತ್ತಿರದ ಗುರಿಗೆ ಬೇಡ ಮೇಡಂ. ನಳಿಕೆ ತುದೀಲಿರೋ ಈ ಮೊಳೆ ನೋಡಿ ಗುರಿ ಹಿಡಿದ್ರೆ ಸಾಕು. ಪೆಲೆಟ್ಟೂ ಈ ಅಳತೇದೇ ಅಗ್ಗ," ಎಂದರು ಅವರು, ನನ್ನನ್ನು ಪೂರ್ತಿಯಾಗಿ ಮರೆತು.

"ಹಾಗಾದ್ರೆ ಇದೇ ಕೊಡಿ. ಟೆಲಿಸ್ಕೋಪಿನ ಬದಲು ನಳಿಕೆ ತೊಳೆಯೋ ಕಡ್ಡಿ, ಬ್ರಷ್ ಕೊಡಿ."

"ಬ್ರಷ್ಷಾ? ಇದೇನು ಹಾಲಿನ ಬಾಟಲಾ?" ಎಂದೆ.

"ತೂತಿರೋ ಸಾಮಾನು ಮನೆಗೆ ಬಂದ್ಮೇಲೆ ಅದನ್ನ ತೊಳೆಯೋ ಸಾಮಾನೂ ಬರ್ಬೇಕು ಕಣ್ರೀ."

ನಿಜ ಹೇಳುತ್ತೇನೆ, ನನ್ನ ಹೆಂಡತಿಯನ್ನು ನಾನು ಮೆಚ್ಚುವುದು ಇಂಥ ಕಡೆಯೇ. ವಾರವಿಡೀ ರಾತ್ರಿ ಹಗಲು ವಿಡಿಯೋ ನೋಡಿ ನಾನು ಆರಿಸಿದ್ದನ್ನು ನನ್ನಿಂದ ಮಡಿಸಲಾಗಲಿಲ್ಲ. ಅವಳು ಒಂದೂ ವಿಡಿಯೋ ನೋಡದೆ ನಮ್ಮಿಬ್ಬರ ತೋಳಿಗೂ ಒಗ್ಗುವುದನ್ನೇ ಆರಿಸಿದಳು!

ಆಯುಧಪೂಜೆ ಬಂತು. ಮಿಕ್ಸಿ, ಈಳಿಗೆಮಣೆಗಳ ನಡುವೆ ನನ್ನ ರೈಫಲ್ಲು ನಳಿಕೆ ಮೇಲೆ ಮಾಡಿ ಸಾಕ್ಷಾತ್ ಮಹಾರಾಜನ ಠೀವಿಯಲ್ಲಿ ನಿಂತಿತು. ಪೂಜೆ ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ.

"ಅದರ ಬಾಯಿಗೊಂದು ಬಟ್ಟೆ ಕಟ್ರೀ," ಎಂದಳು ಪಂಕಜಾ.

"ವೀರನ ಮುಖಕ್ಕೆ ಮುಸುಕಾ? ಛೆ!"

ಕುರ್ಚಿಯಲ್ಲಿ ಕೂತಿದ್ದ ಅಮ್ಮ ಕತ್ತು ಚಾಚಿದರು. "ಸುಂದರ, ನಳಿಕೆ ಒಳಗೆ ಕಣೋ..."

"ಅಮ್ಮ, ಇದು ವಂಶದ ವಿದ್ಯೆ. ನೀನು ಸುಮ್ನಿರು!"

ನಳಿಕೆಯ ಬಾಯಿಗೆ ಧಾರಾಳವಾಗಿ ಕುಂಕುಮ ಏರಿಸಿದೆ. ಅರ್ಧ ಒಳಕ್ಕೆ ಸುರಿಯಿತು. ಒಳಗೂ ಮಂಗಳವಾಗಲಿ ಎಂದುಕೊಂಡೆ. ಅದರ ಮೇಲೆ ಗಟ್ಟಿಯಾಗಿ ತೇದ ಗಂಧವನ್ನು ಹೆಬ್ಬೆರಳಿನಿಂದ ಒತ್ತಿ ಮೆತ್ತಿದೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲವಲ್ಲ, ರಾತ್ರಿಯೆಲ್ಲ ಆ ಗಂಧ ಚೆನ್ನಾಗಿ ಒಣಗಿ ಗಾರೆಯಾಯಿತು.

ವಿಜಯದಶಮಿಯ ಮಧ್ಯಾಹ್ನ ಸಿದ್ಧಾರ್ಥನಗರದ ನಮ್ಮ ಮನೆಯ ತಾರಸಿ ರಣರಂಗವಾಯಿತು. ನೀರಿನ ಟ್ಯಾಂಕಿನ ಕೆಳಗಿನ ಗೋಡೆಗೆ ಮರಳುಚೀಲ ಒರಗಿಸಿ, ಅದಕ್ಕೆ ಕಪ್ಪು ಬೊಟ್ಟಿನ ಕಾಗದ ಅಂಟಿಸಿದ್ದೆವು. ಮರಳುಚೀಲ ಪಂಕಜಾಳ ಅಪ್ಪಣೆ. ಅಮ್ಮನಿಗೆ ಕುರ್ಚಿ ಹಾಕಿದ್ದಾಯಿತು. ನಮ್ಮೂರ ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಮಹದೇವು ತಮ್ಮ ತಾರಸಿಯ ಅಂಚಿಗೆ ಬಂದು ನಿಂತಿದ್ದರು. ಪಂಕಜಾ ಕಾಫಿ ತರಲು ಕೆಳಗೆ ಹೋಗಿದ್ದಳು. ಅಂಬಾರಿಗೆ ಪುಷ್ಪಾರ್ಚನೆಯಾಗಿ ಅರಮನೆಯಲ್ಲಿ ಕುಶಾಲತೋಪು ಹಾರುವ ಹೊತ್ತಿಗೇ ನನ್ನ ಮೊದಲ ಗುಂಡೂ ಹಾರಬೇಕು ಎನ್ನುವುದು ನನ್ನ ಯೋಜನೆ. ಮಹದೇವು ಅವರ ಮನೆಯ ಟಿವಿಯಲ್ಲಿ ನೇರಪ್ರಸಾರ ಕೇಳಿಸುತ್ತಿತ್ತು. ಪುಷ್ಪಾರ್ಚನೆ ಇನ್ನೂ ಆಗಿರಲಿಲ್ಲ. ಪೆಲೆಟ್ ತುಂಬಿ, ಟ್ರಿಗರ್ ಮೇಲೆ ಬೆರಳಿಟ್ಟು, ಸುಮ್ಮನೆ ಗುರಿ ನೋಡುತ್ತಿದ್ದೆ.

ಢಂ!

ಬೆಚ್ಚಿಬಿದ್ದು ಟ್ರಿಗರ್ ಎಳೆದೆನೋ, ಎಳೆದದ್ದಕ್ಕೇ ಢಂ ಎಂದಿತೋ, ದೇವರಾಣೆ ಗೊತ್ತಿಲ್ಲ! ಪಾರಿವಾಳಗಳೆಲ್ಲ ಹಾರಿಹೋದವು. ಕಿಟಕಿ ಗಾಜು ಅದುರಿತು.

"ಅಬ್ಬಬ್ಬಾ ಸಾ!" ಎಂದು ಮಹದೇವು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. "ಎಂಥಾ ಕೋವಿ ತಂದ್ಬುಟ್ರಿ! ಊರೇ ನಡುಗೋಯ್ತು!"

ನಾನು ಎದೆ ಉಬ್ಬಿಸಿದೆ. ಮುತ್ತಾತನ ರಕ್ತ ಎಂದರೆ ಸುಮ್ಮನೆಯೇ! ರೈಫಲ್ಲನ್ನು ತೊಡೆಯ ಮೇಲಿಟ್ಟು ಮೀಸೆ ಇಲ್ಲದ ಕಡೆ ಮೀಸೆ ತಿರುವಿದೆ. ಆಗ ಮತ್ತೆ ಢಂ! ಹಿಂದೆಯೇ ಇನ್ನೊಂದು ಢಂ!

"ಒಂದ್ ಸಲ ಎಳುದ್ರೆ ಎಷ್ಟ್ ಸಲ ಹಾರ್ತದೆ ಸಾ ಅದು?" ಎಂದರು ಮಹದೇವು.

ಅಷ್ಟರಲ್ಲಿ ಅವರ ಮನೆಯ ಟಿವಿಯೂ ಢಂ ಎಂದಿತು. ಕುಶಾಲತೋಪು! ಟಿವಿಗಿಂತ ಮೊದಲು ಗಾಳಿಯೇ ಸುದ್ದಿ ತಂದಿತ್ತು. ಗುರಿಯ ಕಾಗದದ ಮೇಲೆ ಒಂದು ಗೀರೂ ಇಲ್ಲ. ಹಾಗಾದರೆ ನನ್ನ ಗುಂಡು ಎಲ್ಲಿ? ಅದನ್ನು ತಿಳಿಯಲು ನಳಿಕೆ ಮಡಿಸಿ ಮುಖ ಹತ್ತಿರ ಒಯ್ದೆ. ಗಂಧದ ಗಾರೆಗೆ ತಡೆದು ಒಳಗೇ ಕುದಿಯುತ್ತಿದ್ದ ಗಾಳಿ ಹಿಂದಕ್ಕೆ ನುಗ್ಗಿತು. ಪುಸ್ಸ್! ಒಳಗೆ ಸುರಿದಿದ್ದ ಮಂಗಳವೆಲ್ಲ ನನ್ನ ಮುಖದ ಮೇಲೆ!

"ಅಯ್ಯಯ್ಯೋ ಪಂಕಜಕ್ಕಾ! ರಕ್ತ! ಸಾರ್‌ಗೇ ಗುಂಡ್ ಬಿದ್ಬುಟ್ಟದೆ!" ಎಂದು ಮಹದೇವು ಕೂಗಿಕೊಂಡರು.

ಕೆಳಗೆ ಲೋಟ ಬಿದ್ದ ಸದ್ದಾಯಿತು. ಮೆಟ್ಟಿಲುಗಳನ್ನು ಅವಳು ಹೇಗೆ ಹತ್ತಿದಳೋ! "ರೀ... ಕಣ್ಣು ಬಿಡಿ, ನನ್ನ ನೋಡಿ..." ಎನ್ನುತ್ತಾ ಸೆರಗಿನಿಂದ ನನ್ನ ಮುಖ ಒರೆಸಿದಳು. ಅವಳು ಒಮ್ಮೆಗೇ ಕೈ ನಿಲ್ಲಿಸಿ ಸೆರಗನ್ನು ಮೂಸಿದಳು.

"ಇದು ನಮ್ಮನೆ ಕುಂಕುಮ!"

"ಬೈಬೇಡ ಕಣೇ," ಎಂದೆ.

ಅವಳು ಬೈಯಲಿಲ್ಲ. ಕೆಳಗೆ ಹೋಗಿ ಕಡ್ಡಿ, ಬ್ರಷ್ ತಂದಳು. ಒದ್ದೆ ಬಟ್ಟೆಯಲ್ಲಿ ಗಂಧ ನೆನೆಸಿ, ತಿವಿದು, ತಿಕ್ಕಿ ಗಂಧದಲ್ಲಿ ಹೂತಿದ್ದ ಪೆಲೆಟ್ಟನ್ನು ಹೊರಗೆ ಬೀಳಿಸಿದಳು. ಹಾಲಿನ ಬಾಟಲಿನ ಮಾತನ್ನು ನೆನಪಿಸಲಿಲ್ಲ. ಅದು ಅವಳ ದೊಡ್ಡತನ!

"ಅಂಬಾರಿ ಇನ್ನೂ ದಾರೀಲಿದೆ. ಹೊಡೀರಿ," ಎಂದಳು.

ಹೊಡೆದೆ. ಮರಳುಚೀಲಕ್ಕೆ ಬಿತ್ತು. ಗೋಡೆಗೆ ಬಿತ್ತು. ಮರಳುಚೀಲದ ಇನ್ನೊಂದು ಮೂಲೆಗೆ ಬಿತ್ತು. ಬಿಟ್ಟೇನೆಯೇ ಎಂದು ಮತ್ತೆ ಹೊಡೆದೆ. ಟ್ಯಾಂಕಿನ ಪೈಪಿಗೆ ಬಿತ್ತು! ತೆಳ್ಳನೆಯ ಕಾರಂಜಿಯೊಂದು ಚಿಮ್ಮಿ ನನ್ನ ಮುಖದಲ್ಲಿ ಉಳಿದ ಕುಂಕುಮವನ್ನೂ ತೊಳೆಯಿತು. ಟಿವಿಯವರು ಅಂಬಾರಿ ಬನ್ನಿಮಂಟಪದ ಹತ್ತಿರ ಬರುತ್ತಿದೆ ಎಂದರು. ನನ್ನ ಕಣ್ಣ ಮುಂದೆ ಅಟ್ಟದ ಏಣಿ ಸುಳಿಯಿತು.

"ಮುಗೀತು ಪಂಕಜಾ. ಹಾರ್ಮೋನಿಯಂ ಪಕ್ಕದಲ್ಲೇ ಇಡು," ಎಂದೆ. ಸುಳ್ಳೇಕೆ, ಅಳುವೇ ಬಂದಿತ್ತು.

ಅವಳು ಪೈಪಿನ ತೂತಿಗೆ ಬಟ್ಟೆ ಬಿಗಿದು ಬಂದು ರೈಫಲ್ಲನ್ನು ಕೈಗೆ ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಸೂಜಿಗೆ ದಾರ ಪೋಣಿಸುವಾಗ ಹಿಡಿಯುವಂತೆ ಉಸಿರು ಹಿಡಿದಳು. ಟಕ್! ಕಪ್ಪು ಬೊಟ್ಟಿನ ನಟ್ಟನಡುವೆ ಅಚ್ಚುಕಟ್ಟಾದ ತೂತು!

"ಶಭಾಷ್ ಅಕ್ಕೋ!" ಎಂದು ಮಹದೇವು ಚಪ್ಪಾಳೆ ತಟ್ಟಿದರು. ನಾನು ಬಾಯಿ ತೆರೆದು ನಿಂತೆ. ಹೊಟ್ಟೆಕಿಚ್ಚು ಬರಬೇಕಿತ್ತು. ಬರಲಿಲ್ಲ, ಹೆಮ್ಮೆ ಬಂತು!

"ಒಂದಾದ್ರೂ ಗುಂಡು ಬೀಳ್ಬೇಕು ಅಂದಿದ್ದೆ. ಯಾರು ಹೊಡೀಬೇಕು ಅಂದಿರ್ಲಿಲ್ಲ," ಎಂದು ಪಂಕಜಾ ನಕ್ಕಳು. "ಅಟ್ಟಕ್ಕೆ ಹೋಗಲ್ಲ ಬಿಡಿ."

ಆದರೂ ನನ್ನೊಳಗೊಂದು ಮುಳ್ಳು ಉಳಿದಿತ್ತು. "ಅಮ್ಮ, ಮುತ್ತಾತನ ರಕ್ತ ನನ್ನ ಕೈಗೆ ಯಾಕೆ ಇಳೀಲಿಲ್ಲ?" ಎಂದೆ.

"ಅವರು ಯಾವತ್ತು ಗುಂಡು ಹೊಡೆದ್ರೋ?" ಎಂದರು ಅಮ್ಮ. "ಆ ಬಂದೂಕು ಫೋಟೋಕ್ಕೆ ಅಂತ ಕೈಗೆ ಕೊಟ್ಟಿದ್ದು. ಆಯುಧಪೂಜೆ ದಿನ ಬಂದೂಕುಗಳಿಗೆ ಗಂಧ ಹಚ್ಚೋದು ಅವರ ಕೆಲಸ. ಪ್ರತಿ ನಳಿಕೆಗೂ ಮೊದಲು ಬಟ್ಟೆ ಕಟ್ಟೋರಂತೆ. ನಿನ್ನೆ ಅದನ್ನೇ ಹೇಳಕ್ಕೆ ಬಂದೆ. ನೀನು ವಂಶದ ವಿದ್ಯೆ, ಸುಮ್ನಿರು ಅಂದ್ಬಿಟ್ಟೆ."

ಪಂಕಜಾ ಇನ್ನೊಂದು ಪೆಲೆಟ್ ತುಂಬುತ್ತಾ ನನ್ನತ್ತ ತಿರುಗಿದಳು.

"ಬೇಜಾರು ಮಾಡ್ಕೋಬೇಡಿ ಕಣ್ರೀ. ಹೊಡೆಯೋದು ನನಗಿರ್ಲಿ. ಮುಂದಿನ ವರ್ಷದ ಗಂಧ ಮಾತ್ರ ನೀವೇ ಹಚ್ಬೇಕು. ಬಟ್ಟೆ ನಾನು ಕಟ್ಟಿಕೊಡ್ತೀನಿ!"