ದೇವರು ಹೇಳಲು ಮರೆತ ಕೆಲಸ

ದೇವರು ತನ್ನನ್ನು ಒಂದು ಮಹತ್ಕಾರ್ಯಕ್ಕಾಗಿಯೇ ಬೆಟಗೇರಿಗೆ ಕಳಿಸಿದ್ದಾನೆ ಎಂಬುದರಲ್ಲಿ ನಮ್ಮ ದೊಡ್ಡವ್ವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆ ಕಾರ್ಯ ಯಾವುದೆಂಬುದನ್ನು ಮಾತ್ರ ಆತನು ಹೇಳಿ ಕಳಿಸಿರಲಿಲ್ಲ. ಇದು ಆಕೆಯ ತಪ್ಪೇ? ತಾಲೂಕು ಕಚೇರಿಯವರು ಕೂಡ ಜವಾನನನ್ನು ಕಳಿಸುವಾಗ ಅವನ ಕೈಯಲ್ಲಿ ಒಂದು ಚೀಟಿ ಕೊಡುತ್ತಾರೆ.

ಆಕೆ ನನ್ನ ತಾಯಿಯ ಅಕ್ಕ. ಗಂಡ ಕೈಮಗ್ಗದ ನೇಕಾರ, ಮದುವೆಯಾದ ಆರನೆಯ ವರ್ಷಕ್ಕೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಚರ್ಚಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಕೋಣೆಯಲ್ಲಿ ಒಂದು ರಾಟಿ. ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದಳು. ಐವತ್ತು ವರ್ಷದವರೆಗೆ ಜೀವನಕ್ಕೆ ಉದ್ದೇಶವೆಂಬುದೊಂದು ಇರುತ್ತದೆಂದು ತಿಳಿಯದೆ ಸುಖವಾಗಿದ್ದಳು.

ಎಪ್ಪತ್ತೈದನೆಯ ಇಸವಿಯ ಸುಮಾರಿಗೆ ನಮ್ಮ ಚರ್ಚಿನ ಸ್ತ್ರೀ ಸಂಘಕ್ಕೆ ಹುಬ್ಬಳ್ಳಿಯಿಂದ ಒಬ್ಬ ಬೋಧಕಿ ಬಾಯಾರು ಬಂದರು. ಸ್ತ್ರೀಯೆಂದರೆ ಬರಿಯ ಇಂಥವನ ಮಗಳು, ಇಂಥವನ ಹೆಂಡತಿ ಅಲ್ಲ. ದೇವರು ಪ್ರತಿಯೊಬ್ಬಳನ್ನೂ ಹೆಸರು ಹಿಡಿದು ಕರೆದಿದ್ದಾನೆ, ಪ್ರತಿಯೊಬ್ಬಳಲ್ಲೂ ಒಂದು ಉದ್ದೇಶವನ್ನಿಟ್ಟಿದ್ದಾನೆ, ಅದನ್ನು ಕಂಡುಕೊಳ್ಳಿರಿ, ಕಡೆಯ ದಿನದಲ್ಲಿ ಆತನು ಕೇಳಿಯೇ ಕೇಳುವನು ಎಂದು ಒಂದೂವರೆ ತಾಸು ಹೇಳಿದರು. ಉಳಿದ ಹೆಂಗಸರೆಲ್ಲ ಆಮೆನ್ ಎಂದು, ಚಹಾ ಕುಡಿದು, ಮನೆಗೆ ಹೋಗಿ ಎಂದಿನಂತೆ ರೊಟ್ಟಿ ಬಡಿದರು. ದೊಡ್ಡವ್ವ ಮಾತ್ರ ಬಾಯಾರನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿ ಕೇಳಿದಳು:

"ಎಂದಿನೊಳಗ ಕಂಡುಹಿಡೀಬೇಕ್ರಿ?"

ಇಷ್ಟು ವರ್ಷಗಳ ಬೋಧನೆಯಲ್ಲಿ ಅವರಿಗೆ ಈ ಪ್ರಶ್ನೆ ಎದುರಾಗಿರಲಿಲ್ಲವೆಂದು ಕಾಣುತ್ತದೆ. ಸಾಯುವುದರೊಳಗೆ ಎಂದು ಅಂದಾಜಿನಿಂದ ಹೇಳಿ ಬಸ್ಸು ಹತ್ತಿದರು. ದೊಡ್ಡವ್ವ ಅಂದಿನಿಂದ ನಿದ್ದೆಗೆಟ್ಟಳು. ಸಾಯುವ ದಿನ ಯಾವುದೆಂದು ಗೊತ್ತಿಲ್ಲವಾದ್ದರಿಂದ ಕೆಲಸ ಜಲ್ದಿ ಆಗಬೇಕಾಗಿತ್ತು.

ಮೊದಲು ಹಾಡಿನಲ್ಲಿ ಹುಡುಕಿದಳು. ನಮ್ಮ ಚರ್ಚಿನ ಗಾಯಕರ ಗುಂಪಿಗೆ ಸೇರಿದ ದಿನವೇ ಹಾರ್ಮೋನಿಯಂ ಬಾರಿಸುವ ಮಾಸ್ತರರು ತಮ್ಮ ಪೆಟ್ಟಿಗೆಯಲ್ಲೇ ಏನೋ ಕೆಟ್ಟಿದೆಯೆಂದು ಬಿಚ್ಚಿ ನೋಡಿದರಂತೆ. ಆಕೆಯ ಕಂಠ ಅಂಥದು. ಅದರಲ್ಲಿ ಶ್ರುತಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಮೂರು ವಾರ ಸಹಿಸಿಕೊಂಡ ಮೇಲೆ ಮಾಸ್ತರರು ಬಹಳ ಮರ್ಯಾದೆಯಿಂದ, "ಯವ್ವಾ, ಎಲ್ಲಾರೂ ಹಾಡಾಕ ನಿಂತ್ರ ಕೇಳಾಕೂ ಯಾರರ ಬೇಕಲ್ರಿ?" ಎಂದರು. ಕೇಳಲು ಊರೇ ಇದೆಯೆಂದು ಆಕೆ ಧೈರ್ಯ ತುಂಬಿದಳು. ಕ್ರಿಸ್ಮಸ್ ಹಾಡಿನ ಅಭ್ಯಾಸ ಶುರುವಾದ ದಿನ ಮಾತ್ರ ಆಕೆ ಬರಲಿಲ್ಲ. ಮಾಸ್ತರರು ಆ ದಿನವೇ ಆಕೆಯ ಹೆಸರು ಹೊಡೆದುಹಾಕಿದರು, ಗುಂಪು ಕೃತಜ್ಞತೆಯಿಂದ ಹಾಡಿತು.

ಬಾರದಿದ್ದುದಕ್ಕೆ ಕಾರಣ ಪಕ್ಕದ ಮನೆಯ ಬಳೆ ಮಾರುವ ಹಸೀನಾಬಿ. ಅವಳ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ನಿಗೆ ಹೋಗಲು ಜೀವ ಬಾಯಿಗೆ ಬಂದಿತ್ತು. ಜೋಡಿಗೆ ದೊಡ್ಡವ್ವ ಬಂದರೆ ಮಾತ್ರ ಹೋಗುತ್ತೇನೆಂದು ಹಟ ಹಿಡಿದಳು. ಆಪರೇಷನ್ ಕೋಣೆಯೊಳಗೆ ಜೋಡಿಯವರನ್ನು ಬಿಡುತ್ತಾರೆಯೇ? ಬಾಗಿಲು ಹಾಕಿದರು. ದೊಡ್ಡವ್ವ ಬಾಗಿಲಿಗೆ ಮುಖ ಹಚ್ಚಿ ಕುಂತು, ಓಣಿಯ ಸಮಾಚಾರವನ್ನೆಲ್ಲ, ಯಾರ ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇದೆ, ಯಾರ ಸೊಸೆ ಯಾರ ಜೋಡಿ ಮಾತು ಬಿಟ್ಟಿದ್ದಾಳೆ ಎಂಬಲ್ಲಿಯವರೆಗೆ, ಒಳಗೆ ಕೇಳುವಂತೆ ಹೇಳತೊಡಗಿದಳು. ನರ್ಸು ಬಂದು ಬೈದಳು. ದೊಡ್ಡವ್ವ ಸುಮ್ಮನಾದಳು. ಎರಡು ನಿಮಿಷಕ್ಕೆ ಅದೇ ನರ್ಸು ತಿರುಗಿ ಬಂದಳು. "ನೀವು ಸುಮ್ಮನಾದ್ರ ಆಕಿ ಅಲ್ಲಾಡಾಕತ್ತಾಳಂತ್ರಿ. ಡಾಕ್ಟರು ಮಾತಾಡ್ರಿ ಅಂದಾರ."

ಗಾಯಕರು ಹೊರಹಾಕಿದ ಕಂಠಕ್ಕೆ ವೈದ್ಯಶಾಸ್ತ್ರವೇ ಹೀಗೆ ಬೇಡಿಕೆ ಸಲ್ಲಿಸಿದ್ದರೂ ದೊಡ್ಡವ್ವನಿಗೆ ಸಮಾಧಾನವಿರಲಿಲ್ಲ. ಮನೆಗೆ ಬಂದು ನನ್ನೆದುರು ಹಲುಬಿದಳು. ಹಾಡಿನಲ್ಲೇ ಇತ್ತೋ ಏನೋ ತನ್ನ ಉದ್ದೇಶ, ಈ ಹಸೀನಾಬಿಯ ಕಣ್ಣಿನ ಸಲುವಾಗಿ ತಪ್ಪಿಹೋಯಿತು ಎಂದು.

ಆಮೇಲೆ ಬೋಧನೆ. ಲಕ್ಷ್ಮೇಶ್ವರದ ವಿಶ್ವಾಸಿ ಹೆಂಗಸರ ಕೂಟದಲ್ಲಿ ಮಾತಾಡುವ ಅವಕಾಶವನ್ನು ಆಕೆ ಎಂಟು ತಿಂಗಳು ಕಾಡಿ ಗಿಟ್ಟಿಸಿಕೊಂಡಳು. ಆಕೆಗೆ ಓದಲು ಬರುತ್ತಿತ್ತು, ಬರೆಯಲು ಬೇಸರ. ಆದ್ದರಿಂದ ಆಕೆ ಹೇಳಿದಳು, ನಾನು ಬರೆದೆ. ನೂರು ಪುಟದ ನೋಟುಬುಕ್ಕು ತುಂಬಿತು. ಆದಮನ ಪಕ್ಕೆಲುಬಿನಿಂದ ಹಿಡಿದು ಬೆಟಗೇರಿಯ ನಲ್ಲಿ ನೀರಿನವರೆಗೆ ಆ ಬೋಧನೆಯಲ್ಲಿ ಬಾರದ ವಿಷಯವಿರಲಿಲ್ಲ. ಬಿಳಿ ಸೀರೆ ಉಟ್ಟು, ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಬೆಳಿಗ್ಗೆ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಹೊಸ ಮದುವಣಗಿತ್ತಿ ಕುಳಿತಿದ್ದಳು. ಒಕ್ಕಲಿಗರ ಹುಡುಗಿ, ಗಂಡನ ಊರು ಲಕ್ಷ್ಮೇಶ್ವರದ ದಾರಿಯಲ್ಲೇ ಬರುವ ಮಾಗಡಿ. ಕಳಿಸಲು ಬರಬೇಕಾಗಿದ್ದ ಅಣ್ಣನಿಗೆ ಜ್ವರ ಬಂದು ಒಬ್ಬಳೇ ಹೊರಟಿದ್ದಳು. ಅತ್ತೆಯ ಬಾಯಿ ಬಹಳ ಜೋರೆಂದು ಕೇಳಿದ್ದಳಂತೆ. ಮಾಗಡಿ ಬಂತು, ಹುಡುಗಿ ಟ್ರಂಕು ಹಿಡಿದು ಇಳಿದವಳು ಅಲ್ಲೇ ನಿಂತುಬಿಟ್ಟಳು, ಊರಿನ ಕಡೆ ಕಾಲೇ ಹೊರಳಲಿಲ್ಲ. ಕಂಡಕ್ಟರ ಸೀಟಿ ಊದಿದ. ದೊಡ್ಡವ್ವ ಬಸ್ಸಿನಿಂದ ಇಳಿದಳು.

ಅತ್ತ ಲಕ್ಷ್ಮೇಶ್ವರದಲ್ಲಿ ನಲವತ್ತು ಹೆಂಗಸರು ಬೋಧಕಿಯ ದಾರಿ ಕಾಯುತ್ತ, ತಮಗೆ ಬರುವ ಹಾಡುಗಳನ್ನೆಲ್ಲ ಹಾಡಿ, ಅವು ಮುಗಿದಮೇಲೆ ಮತ್ತೆ ಮೊದಲಿನಿಂದ ಹಾಡಿ, ಸಂಜೆ ನಾಲ್ಕಕ್ಕೆ ಎದ್ದು ಹೋದರು. ಇತ್ತ ಮಾಗಡಿಯಲ್ಲಿ ಬೀಗರು ದೊಡ್ಡವ್ವನನ್ನು ಹುಡುಗಿಯ ಸೋದರತ್ತೆಯೆಂದು ತಿಳಿದು ಕಾಲಿಗೆ ನೀರು ಕೊಟ್ಟರು. ಸುಳ್ಳು ಹೇಳಬಾರದೆಂಬುದು ದೇವರ ಹತ್ತು ಆಜ್ಞೆಗಳಲ್ಲೊಂದು. ಯಾರೂ ಕೇಳದಿದ್ದರೆ ಸುಮ್ಮನಿರಬಾರದೆಂಬ ಆಜ್ಞೆ ಹತ್ತರಲ್ಲಿಲ್ಲ. ಎರಡು ದಿನ ಉಳಿದು, ಜೋರು ಬಾಯಿಯ ಅತ್ತೆಗೆ ಮಾತಾಡಲು ಒಂದು ಅವಕಾಶವನ್ನೂ ಕೊಡದೆ, ಮೂರನೆಯ ದಿನ ಮರಳಿದಳು.

"ಮಾಗಡಿ ಕೆರಿ ತುಂಬ ಹಕ್ಕಿ ಕುಂತಿದ್ವು" ಎಂದಳು ನನಗೆ. "ಯಾವ್ದೋ ದೇಶದಿಂದ ಬರ್ತಾವಂತ. ಯಾಕ ಬಂದ್ರಿ ಅಂತ ಅವನ್ನ ಯಾರೂ ಕೇಳಂಗಿಲ್ಲ. ನನಗೊಬ್ಬಾಕಿಗೇ ಈ ಕಾಟ."

ಎಪ್ಪತ್ತೆಂಟರಲ್ಲಿ ನನಗೆ ಮುಂಡರಗಿಯ ಶಾಲೆಯಲ್ಲಿ ನೌಕರಿಯಾಯಿತು. ಗುರುತಿಲ್ಲದ ಊರು, ಬಾಡಿಗೆ ಕೋಣೆ, ಇಪ್ಪತ್ತೊಂದರ ಹುಡುಗಿ. ಒಂದು ದಿನ ಇದ್ದು ಬರುತ್ತೇನೆಂದು ಜೋಡಿಗೆ ಬಂದ ದೊಡ್ಡವ್ವ ನಾಲ್ಕು ತಿಂಗಳಿದ್ದಳು. ನಾನು ಶಾಲೆಯಿಂದ ಬಂದು ಅಳುವುದನ್ನು ನಿಲ್ಲಿಸಿದ ವಾರ ಗಂಟು ಕಟ್ಟಿದಳು. ಆ ನಾಲ್ಕು ತಿಂಗಳೂ ದಿನಕ್ಕೊಮ್ಮೆ, ತನ್ನ ಉದ್ದೇಶ ಅಲ್ಲಿ ಬೆಟಗೇರಿಯಲ್ಲಿ ದಿಕ್ಕಿಲ್ಲದೆ ಬಿದ್ದಿರುವಾಗ ತಾನಿಲ್ಲಿ ನನ್ನ ಸಲುವಾಗಿ ಕೊಳೆಯುತ್ತಿದ್ದೇನೆಂದು ನೆನಪಿಸುವುದನ್ನು ತಪ್ಪಿಸಲಿಲ್ಲ.

ವಯಸ್ಸು ಅರವತ್ತಾದಾಗ ಆಕೆಗೆ ನಿಜವಾಗಿಯೂ ಹೆದರಿಕೆ ಹತ್ತಿತು. ರಾಟಿ ತಿರುಗಿಸುತ್ತಿದ್ದವಳು ನಡುವೆಯೇ ಕೈ ನಿಲ್ಲಿಸಿ ಗೋಡೆ ನೋಡುತ್ತಿದ್ದಳು. ರಜೆಗೆ ಬಂದ ನನ್ನನ್ನು ಒಂದು ಸಂಜೆ ಕರೆದುಕೊಂಡು ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರ ಮನೆಗೆ ಹೋದಳು. ಅವರು ಕುರ್ಚಿ ಹಾಕಿದರು. ಆಕೆ ಕೂಡಲಿಲ್ಲ.

"ಅಯ್ಯನೋರ, ನಂದು ಮುಗೀತ ಬಂತ್ರಿ. ಆತ ನನ್ನ ಹೆಸರು ಹಿಡಿದು ಕೂಗಿ, ಏನ್ ಮಾಡ್ದಿ ಅಂತ ಕೇಳಿದ್ರ ಏನ್ ಹೇಳ್ಲಿ?"

ಇಷ್ಟು ವರ್ಷ ಏನು ಮಾಡಿದಿರಿ ಎಂದು ಅಯ್ಯನವರು ಮೆಲ್ಲಗೆ ಕೇಳಿದರು.

"ಏನೂ ಇಲ್ರಿ. ಬರೇ ಅವರಿವರ ಜೋಡಿ ಓಡ್ಯಾಡೂದ ಆತು."

ಅಯ್ಯನವರು ಕನ್ನಡಕ ತೆಗೆದರು. ಏನೋ ಮುಖ್ಯವಾದದ್ದನ್ನೇ ಹೇಳುವವರಿದ್ದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದರು. ನಾಳೆ ಹುಬ್ಬಳ್ಳಿಗೆ ಹೋಗಿ ಹೊಟ್ಟೆಯ ಎಕ್ಸರೇ ತೆಗೆಸಬೇಕು, ಇವರಿಗೆ ಮೀಟಿಂಗು, ಒಬ್ಬಳೇ ಹೋಗಲು ಎದೆ ಹೊಡೆದುಕೊಳ್ಳುತ್ತದೆ, ಸ್ವಲ್ಪ ಜೋಡಿಗೆ ಬರುತ್ತೀರಾ ಎಂದರು. ದೊಡ್ಡವ್ವ ಅಯ್ಯನವರತ್ತ ತಿರುಗಿ ನೊಂದ ದನಿಯಲ್ಲಿ ಹೇಳಿದಳು:

"ನೋಡಿದ್ರಿಲ್ಲೋ? ಹಿಂಗಾದ್ರ ನಾ ಯಾವಾಗ ಹುಡುಕ್ಲಿ?"

ಮರುದಿನ ಆರರ ಬಸ್ಸಿಗೆ ಹೋದಳು.

ಎರಡು ವರ್ಷದ ನಂತರ ಆಕೆಯನ್ನೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೆಸರು ಬರೆದುಕೊಳ್ಳುವವನು ತಲೆ ಎತ್ತದೆ, "ಜೋಡಿ ಯಾರದಾರ?" ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ದಪ್ಪ ಕನ್ನಡಕದ ಹಸೀನಾಬಿ, "ನಾ ಅದೀನಿ, ಬರ್ಕೋರಿ" ಎಂದಳು. ದೊಡ್ಡವ್ವನನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ಹಸೀನಾಬಿ ಬಾಗಿಲಿಗೆ ಮುಖ ಹಚ್ಚಿ ಕುಂತು, ಯಾರ ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇದೆಯೆಂದು ದೊಡ್ಡ ದನಿಯಲ್ಲಿ ಹೇಳತೊಡಗಿದಳು. ನರ್ಸು ಬಂದು ಬೈದಳು. ಈಕೆ ನಿಲ್ಲಿಸಲಿಲ್ಲ.

ವಾರದ ಮೇಲೆ ಒಂದು ಮಧ್ಯಾಹ್ನ ದೊಡ್ಡವ್ವ ನನ್ನ ಕೈ ಹಿಡಿದಳು. ಮತ್ತೆ ಉದ್ದೇಶದ ಮಾತು ಬರುತ್ತದೆಂದು ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಮಾಸ್ತರಿಕೆಯ ಚಟ. ಆಕೆ ಕೇಳಿದ್ದು ಬೇರೆ.

"ಅಲ್ಲಿಗೆ ಜೋಡಿ ಯಾರನ್ನೂ ಬಿಡಂಗಿಲ್ಲಲ್ಲ?"

ನಾನು ಕೈ ಬಿಡದೆ ಕುಳಿತೆ, ಅಷ್ಟೆ. ಆಕೆ ಹೋದದ್ದು ಅದೇ ಸಂಜೆ.

ನೋಟುಬುಕ್ಕು ಇನ್ನೂ ನನ್ನ ಬಳಿ ಇದೆ. ಒಮ್ಮೊಮ್ಮೆ ತೆಗೆದು ನೋಡುವಾಗ, ಕಡೆಯ ದಿನದ ಆ ಉದ್ದನೆಯ ಪಾಳಿ ಕಣ್ಣಿಗೆ ಕಟ್ಟುತ್ತದೆ. ದೊಡ್ಡವ್ವ ಬಿಳಿ ಸೀರೆ ಉಟ್ಟು, ಹೇಳಲು ಏನೂ ಇಲ್ಲವಲ್ಲ ಎಂದು ಚಿಂತಿಸುತ್ತ ನಿಂತಿದ್ದಾಳೆ. ಪಾಳಿಯಲ್ಲಿ ಎಲ್ಲರಿಗೂ ಹಿಂದೆ, ಈಗಷ್ಟೇ ಬಂದ ಯಾರೋ ಒಬ್ಬಳು ಟ್ರಂಕು ಹಿಡಿದು ಹೆಜ್ಜೆ ಕೀಳಲಾರದೆ ನಿಂತಿರುತ್ತಾಳೆ. ಅಲ್ಲಿಯೂ ಅಂಥವಳೊಬ್ಬಳು ಇರದೆ ಇರುತ್ತಾಳೆಯೇ? ಇವಳು ಗೊಣಗುತ್ತ ಪಾಳಿ ಬಿಟ್ಟು ಅವಳ ಕಡೆ ನಡೆಯುತ್ತಾಳೆ. ಸರಿಯಾಗಿ ಆಗಲೇ ಇವಳ ಹೆಸರು ಕೂಗುತ್ತಾರೆ. ಇವಳು ಜಾಗದಲ್ಲಿ ಇರುವುದಿಲ್ಲ.

ಆತನು ಸ್ವಲ್ಪ ಕಾಯಲಿ. ಲಕ್ಷ್ಮೇಶ್ವರದವರು ನಾಲ್ಕರ ತನಕ ಕಾಯಲಿಲ್ಲವೇ?