ಕಾಮಾ ನುಂಗಿದ ಭಾನುವಾರ

ಮೃಗಾಲಯದ ಗುಮಾಸ್ತ ಭಾವಮೈದನ ಮಾತು ಕೇಳಿದ್ದೇ ತಪ್ಪು. ಕೇಳದೆ ಇದ್ದಿದ್ದರೆ ಹೆಂಡತಿ ಬಿಡುತ್ತಿರಲಿಲ್ಲ, ಅದು ಬೇರೆ ವಿಷಯ.

ಪ್ರತಿ ಶುಕ್ರವಾರ ಮುಂದಿನ ವಾರದ ಡ್ಯೂಟಿ ಪಟ್ಟಿ ಮಾಡಿ ಗೋಡೆಗೆ ಅಂಟಿಸುವುದು ಗುಮಾಸ್ತನ ಕೆಲಸ. ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಮೊದಲು ಹೆಸರು, ಆಮೇಲೆ ಸೋಮವಾರದಿಂದ ಭಾನುವಾರದವರೆಗೆ ಆಯಾ ದಿನದ ಕೆಲಸ, ನಡುನಡುವೆ ಗೋಡೆ ಎಬ್ಬಿಸಿದ ಹಾಗೆ ಒಂದೊಂದು ಕಾಮಾ. ಯಾರಿಗೆ ಯಾವ ದಿನ ರಜೆಯೋ ಆ ದಿನದ ಮನೆಯಲ್ಲಿ ಏನೂ ಬರೆಯುವುದಿಲ್ಲ; ಅಲ್ಲಿ ಎರಡು ಕಾಮಾಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಭಾನುವಾರ ಮಾತ್ರ ಊರಿಗೆ ಊರೇ ಪ್ರಾಣಿ ನೋಡಲು ಬರುವುದರಿಂದ ಅವತ್ತು ಯಾರಿಗೂ ರಜೆ ಇಲ್ಲ.

ಆದರೆ ಈ ಸಲ ಗುಮಾಸ್ತ ಮೃಗಾಲಯದ ದೊಡ್ಡ ಸಾಹೇಬರ ಕೈಕಾಲು ಹಿಡಿದು, ಮುಂದಿನ ವಾರದ ಭಾನುವಾರ ತನ್ನೊಬ್ಬನಿಗೆ ರಜೆ ಕೊಡಿಸಿಕೊಂಡಿದ್ದ. ಅವತ್ತು ಮಗಳ ಶಾಲೆಯಲ್ಲಿ ನಾಟಕ. ಮಗಳದು ಮರದ ಪಾತ್ರ. ಒಂದೇ ಒಂದು ಮಾತು, ಅದೂ ಕೊಡಲಿ ಏಟು ಬಿದ್ದ ಮೇಲೆ. ಹೋದ ವರ್ಷ ಅವಳು ಬಂಡೆಯಾಗಿದ್ದಾಗ ಅಪ್ಪ ಹೋಗಿರಲಿಲ್ಲ. ಬಂಡೆ ರಂಗದ ಮೇಲೇ ಅತ್ತುಬಿಟ್ಟಿತ್ತು.

"ಈ ಸಲನೂ ಕೈಕೊಟ್ರೆ ನೋಡಿ, ಮಗು ನಿಮ್ಮನ್ನ ಅಪ್ಪ ಅನ್ನೋದನ್ನೇ ಬಿಡುತ್ತೆ. ಬಿಡದಿದ್ರೆ ನಾನು ಬಿಡಿಸ್ತೀನಿ," ಎಂದಿದ್ದಳು ಹೆಂಡತಿ.

ಹೀಗಿರುವಾಗ ಶುಕ್ರವಾರ ಬೆಳಿಗ್ಗೆ ಭಾವಮೈದ ಜೊತೆಗೆ ಹೊರಟು ಬಂದ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಬರೆದು ಕೆಲಸ ತೆಗೆಯುವ ವಿದ್ಯೆ ಅವನಿಗೆ ಗೊತ್ತು. ಬೇರೆ ಕೆಲಸ ಗೊತ್ತಿಲ್ಲ.

"ಇದೇನು ಭಾವ, ಎಲ್ಲಿ ನೋಡಿದ್ರೂ ಎರಡೆರಡು ಕಾಮಾ? ಗಲೀಜು. ಒಂದಿದ್ರೆ ಸಾಲದಾ?" ಎಂದವನೇ ಕುರ್ಚಿ ಎಳೆದುಕೊಂಡು ಕೂತು, ಟಕಟಕ ಕುಟ್ಟಿದ. "ಟಿಆರ್ ಅಂತ ಎರಡಕ್ಷರದ ಆಜ್ಞೆ. ಅಂಟಿಕೊಂಡಿರೋ ಕಾಮಾನೆಲ್ಲ ಹಿಂಡಿ ಒಂದೊಂದೇ ಉಳಿಸುತ್ತೆ. ತಗೊಳ್ಳಿ, ಪ್ರಿಂಟ್ ಹೊಡೀರಿ."

ಪಟ್ಟಿ ಇಸ್ತ್ರಿ ಹಾಕಿದ ಅಂಗಿಯಂತೆ ಬಂತು. ಗುಮಾಸ್ತ ತನ್ನ ಸಾಲನ್ನು ನೋಡಿಕೊಂಡ. ಸೋಮವಾರದಿಂದ ಶನಿವಾರ ಕಚೇರಿ, ಭಾನುವಾರ ಖಾಲಿ. ಸರಿಯಾಗಿದೆ. ಬೇರೆಯವರ ಸಾಲು ನೋಡುವಷ್ಟು ಪರೋಪಕಾರ ಬುದ್ಧಿ ಯಾವ ಕಚೇರಿಯಲ್ಲೂ ಇರುವುದಿಲ್ಲ. ಗೋಡೆಗೆ ಅಂಟಿಸಿ ಬಂದ. ಭಾವಮೈದ ಕೋತಿಗಳನ್ನು ನೋಡಿಕೊಂಡು ಮನೆಗೆ ಹೋದ.

ಸ್ವಲ್ಪ ಹೊತ್ತಿಗೆ ಹಾವಿನ ಮನೆ ನೋಡಿಕೊಳ್ಳುವವನು ನಗುತ್ತ ಓಡಿ ಬಂದು ಗುಮಾಸ್ತನನ್ನು ಬಾಚಿ ತಬ್ಬಿಕೊಂಡ. ಆ ಮನುಷ್ಯ ನಕ್ಕಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

"ಭಾನುವಾರ ರಜೆ! ಕೆಲಸಕ್ಕೆ ಸೇರಿದಾಗಿಂದ ಒಂದು ಭಾನುವಾರ ಮನೇಲಿದ್ದವನಲ್ಲ ನಾನು. ನಿಮ್ಮ ಹೊಟ್ಟೆ ತಣ್ಣಗಿರ್ಲಿ!"

ಅವನ ಹಿಂದೆಯೇ ಟಿಕೆಟ್ ಅಕ್ಕ ಚಹಾ ತಂದಿಟ್ಟಳು, ಸಕ್ಕರೆ ಜಾಸ್ತಿ ಹಾಕಿ. ಆನೆಯಣ್ಣ ಅಂತೂ ಕಿಟಕಿಯ ಹತ್ತಿರ ನಿಂತು ಮಾವನ ಮನೆಗೆ ಫೋನು ಹಚ್ಚಿ, "ಭಾನುವಾರ ಎಲ್ಲರೂ ಬರ್ತೀವಿ, ಮಕ್ಕಳೂ ಬರ್ತಾವೆ," ಎಂದು ಕೂಗುತ್ತಿದ್ದ. ಗುಮಾಸ್ತನಿಗೆ ಏನೊಂದೂ ಅರ್ಥವಾಗಲಿಲ್ಲ. ಆದರೂ ಹೊಗಳಿಕೆ ಬೇಡ ಎನ್ನಲು ಅವನೇನು ಸನ್ಯಾಸಿಯೇ? "ಏನೋ ನನ್ನ ಕೈಲಾದದ್ದು," ಎಂದು ಚಹಾ ಕುಡಿದ.

ಲೋಟ ಕೆಳಗಿಡುವಷ್ಟರಲ್ಲಿ ಸಾಹೇಬರ ಕೂಗು ಕೇಳಿಸಿತು. ಒಳಗಿನ ಸಿಂಹವೂ ಒಮ್ಮೆ ಸುಮ್ಮನಾಯಿತು.

"ಏನ್ರೀ ಇದು? ಒಬ್ಬರಿಗೂ ಭಾನುವಾರ ಡ್ಯೂಟಿ ಇಲ್ಲ! ಗೇಟು ಯಾರು ತೆಗೀತಾರೆ, ಕರಡಿನಾ? ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಅವತ್ತು ನೀವೊಬ್ರೇ ಬಂದು ಇಡೀ ಝೂ ನಡೆಸಿ!"

ಗುಮಾಸ್ತನ ಕಣ್ಣ ಮುಂದೆ ಒಂದು ಪುಟ್ಟ ಮರ ನಿಂತಿತ್ತು. ಭಾವಮೈದನಿಗೆ ಫೋನು ಮಾಡಿ ಎಲ್ಲ ಹೇಳಿದ.

"ಓ, ಅದಾ?" ಎಂದ ಭಾವಮೈದ, ಏನೋ ತಿನ್ನುತ್ತ. "ಎರಡು ಕಾಮಾ ಒಂದಾಗಿದ್ದಕ್ಕೆ ಮಂಗಳವಾರ ರಜೆ ಇದ್ದವರ ಖಾಲಿ ಮನೆ ಬಿದ್ದುಹೋಯ್ತು. ಬುಧವಾರದ ಕೆಲಸ ಮಂಗಳವಾರಕ್ಕೆ ಜರುಗ್ತು, ಗುರುವಾರದ್ದು ಬುಧವಾರಕ್ಕೆ. ಹಿಂಗೇ ಎಲ್ಲ ಸರೀತಾ ಬಂದ್ರೆ ಕೊನೇಲಿ ಖಾಲಿ ಉಳಿಯೋದು ಭಾನುವಾರನೇ ತಾನೆ? ಖಾಲಿ ಮನೇನೂ ಮನೇನೇ ಭಾವ. ಅದನ್ನ ಕೆಡವಬಾರದು."

"ಅದನ್ನ ಬೆಳಿಗ್ಗೆ ಹೇಳೋಕೆ ನಿನಗೇನು ಬಾಯಿಗೆ ಬೀಗ ಬಿದ್ದಿತ್ತಾ?"

"ನೀವು ರಜೆ ವಿಷಯ ಎಲ್ಲಿ ಹೇಳಿದ್ರಿ? ಈಗ ಹಳೇ ಫೈಲು ತೆಗೀರಿ. ಸೆಡ್ ಅಂತ ಇನ್ನೊಂದು ಆಜ್ಞೆ ಇದೆ. ಎರಡು ಕಾಮಾ ಅಂಟಿಕೊಂಡಿರೋ ಕಡೆಯೆಲ್ಲ ಮಧ್ಯದಲ್ಲಿ 'ರಜೆ' ಅಂತ ತುರುಕು ಅನ್ನಿ, ತುರುಕುತ್ತೆ. ಖಾಲಿ ಅನ್ನೋ ತಕರಾರೇ ಇರಲ್ಲ."

ಅವನು ಹೇಳಿದಂತೆ ಗುಮಾಸ್ತ ಒಂದೊಂದೇ ಅಕ್ಷರ ಕುಟ್ಟಿದ. ಹೊಸ ಪಟ್ಟಿ ಬಂತು. ಹಾವಿನವನ ಮಂಗಳವಾರ 'ರಜೆ', ಟಿಕೆಟ್ ಅಕ್ಕನ ಬುಧವಾರ 'ರಜೆ', ಆನೆಯಣ್ಣನ ಗುರುವಾರ 'ರಜೆ'. ಮೂವರ ಭಾನುವಾರವೂ ಡ್ಯೂಟಿಯಿಂದ ತುಂಬಿತ್ತು. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಅಂಟಿಸಿದ.

ಬೆಳಿಗ್ಗೆ ತಬ್ಬಿಕೊಂಡವರೇ ಈಗ ಕತ್ತು ಹಿಸುಕಲು ಬಂದರು.

"ಮೊದಲನೇ ಪಟ್ಟೀಲಿ ನನ್ನ ಭಾನುವಾರ ಖಾಲಿ ಇತ್ತು. ಈ ಝೂನಲ್ಲಿ ಖಾಲಿ ಅಂದ್ರೆ ರಜೆ. ನಾನು ಬರಲ್ಲ!" ಎಂದ ಹಾವಿನವನು.

"ಮಾವನ ಮನೇಲಿ ಅಡುಗೆಗೆ ಹೇಳಿಯಾಗಿದೆ. ನಾನು ಯಾವ ಮುಖ ಇಟ್ಕೊಂಡು ಬರಲ್ಲ ಅನ್ನಲಿ?" ಎಂದು ಆನೆಯಣ್ಣ ಎದೆ ಬಡಿದುಕೊಂಡ.

"ಚಹಾದ ಸಕ್ಕರೆ ವಾಪಸ್ ಕೊಡಿ," ಎಂದಳು ಟಿಕೆಟ್ ಅಕ್ಕ.

ಗದ್ದಲ ಕೇಳಿ ಸಾಹೇಬರೂ ಬಂದರು. ಸಾಹೇಬರ ಎದುರಿಗೆ ಗುಮಾಸ್ತನಿಗೆ ಎಲ್ಲಿಲ್ಲದ ಆವೇಶ ಬಂತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುವುದು ಇದಕ್ಕೇ. ಸ್ಟೂಲು ಹತ್ತಿ ನಿಂತು ಗರ್ಜಿಸಿದ:

"ಎಲ್ಲಾ ಕೇಳಿಸ್ಕೊಳ್ಳಿ! ಖಾಲಿ ಅಂದ್ರೆ ರಜೆ ಅನ್ನೋ ಕಾಲ ಮುಗೀತು. ಈ ಪಟ್ಟಿಯಿಂದ 'ರಜೆ' ಅಂತ ಬರೆದಿದ್ರೆ ಮಾತ್ರ ರಜೆ. ಖಾಲಿ ಇದ್ರೆ ಡ್ಯೂಟಿ! ಸಾಹೇಬ್ರು ಎಲ್ಲಿಗೆ ಕಳಿಸಿದ್ರೆ ಅಲ್ಲಿಗೆ ಹೋಗ್ಬೇಕು. ಯಾರೇ ಆಗಲಿ, ನಾನೇ ಆಗಲಿ!"

"ಭೇಷ್!" ಎಂದು ಸಾಹೇಬರು ಅದನ್ನೇ ಪಟ್ಟಿಯ ಕೆಳಗೆ ಬರೆದು ಸಹಿ ಹಾಕಿ, ಎಲ್ಲರ ಕೈಯಲ್ಲೂ ಹಾಕಿಸಿದರು. ಗೊಣಗುತ್ತಲೇ ಎಲ್ಲರೂ ಹಾಕಿದರು. ಮೊದಲನೆಯ ಸಹಿ ಗುಮಾಸ್ತನದು, ಬಾಲಬಿಟ್ಟ ದೊಡ್ಡ ಸಹಿ.

ಟಿಕೆಟ್ ಅಕ್ಕ ಸಹಿ ಹಾಕಲು ಬಗ್ಗಿದವಳು ಏಳಲೇ ಇಲ್ಲ. ಅವಳ ಬೆರಳು ಪಟ್ಟಿಯ ಬಲತುದಿಯಲ್ಲಿ ಕೆಳಗಿಳಿಯುತ್ತ ಹೋಗಿ ಒಂದು ಕಡೆ ನಿಂತಿತು.

"ಗುಮಾಸ್ತ್ರೇ, ಇಡೀ ಪಟ್ಟೀಲಿ ಖಾಲಿ ಇರೋದು ಒಂದೇ ಮನೆ. ನಿಮ್ಮ ಭಾನುವಾರ."

ಗುಮಾಸ್ತ ಸ್ಟೂಲಿನಿಂದ ಇಳಿದನೋ ಬಿದ್ದನೋ ಅವನಿಗೇ ತಿಳಿಯಲಿಲ್ಲ.

"ಸಾರ್, ನೀವೇ ರಜೆ ಕೊಟ್ಟಿದ್ರಲ್ಲ ಸಾರ್! ಮಗಳ ನಾಟಕ..."

"ಕೊಟ್ಟಿದ್ದೆ ಕಣ್ರೀ, ಇಲ್ಲ ಅಂದೋರು ಯಾರು?" ಸಾಹೇಬರಿಗೂ ಪಾಪ ಅನ್ನಿಸಿತು, ಆದರೆ ಎದುರಿಗೆ ಎಲ್ಲರೂ ಕೈಕಟ್ಟಿ ನಿಂತಿದ್ದರು. "ಈಗ ನಿಮಗೊಂದು ನ್ಯಾಯ, ಇವರಿಗೊಂದು ನ್ಯಾಯ ಮಾಡಿದ್ರೆ ಭಾನುವಾರ ಒಬ್ಬನಾದ್ರೂ ಬರ್ತಾನಾ? ಒಂದು ಕೆಲಸ ಮಾಡಿ, ನೀರಾನೆ ಕೊಳ ತಿಕ್ಕೋಕೆ ಯಾರೂ ಒಪ್ಪಿರಲಿಲ್ಲ. ನೀವು ಅಲ್ಲಿರಿ."

ಹಾವಿನವನು ಎರಡನೆಯ ಸಲ ನಕ್ಕ. ತಾನೇ ಹೋಗಿ ಉದ್ದ ಹಿಡಿಯ ಬ್ರಷ್ಷು ತಂದುಕೊಟ್ಟ.

ಗುಮಾಸ್ತ ಮೂಲೆಗೆ ಹೋಗಿ ಮತ್ತೆ ಫೋನು ಹಚ್ಚಿದ. ಸಿಟ್ಟು ಬರಬೇಕಾದ ಕಡೆ ಅಳುವೇ ಬಂತು. "ನನ್ನ ಭಾನುವಾರದ ರಜೆ ಹೋಯ್ತಲ್ಲೋ! ಎಲ್ಲರಿಗೂ 'ರಜೆ' ತುರುಕಿದ ನಿನ್ನ ಆಜ್ಞೆಗೆ ನಾನೊಬ್ಬ ಕಾಣಿಸಲಿಲ್ವೇನೋ?"

"ಛೆ ಛೆ, ಭಾನುವಾರ ಸಾಲಿನ ಕಟ್ಟಕಡೆ ಮನೆ ಭಾವ. ಅದರ ಹಿಂದೆ ಒಂದು ಕಾಮಾ ಇರುತ್ತೆ, ಮುಂದೆ ಎಲ್ಲಿಂದ ಬರಬೇಕು? ಎರಡು ಕಾಮಾ ಇಲ್ಲ ಅಂದ್ಮೇಲೆ ನಡುವೆ ಹೆಂಗೆ ತುರುಕೋದು? ಕೊನೇ ಮನೆಗೆ ಬೇರೆ ಆಜ್ಞೆ ಇದೆ. ನೀವು ಕೇಳ್ಲಿಲ್ಲ."

ಗುಮಾಸ್ತ ಬ್ರಷ್ಷನ್ನು ಗೋಡೆಗೆ ಒರಗಿಸಿ ಸೊರಕ್ಕೆಂದು ಮೂಗು ಎಳೆದುಕೊಂಡ. ಆ ಸದ್ದು ಕೇಳಿ ಭಾವಮೈದನ ಕರುಳು ಚುರುಕ್ ಅಂದಿರಬೇಕು.

"ಬೇಜಾರು ಮಾಡ್ಕೋಬೇಡಿ ಭಾವ. ಮಗು ರಂಗದ ಮೇಲಿಂದ ನೋಡಿದಾಗ ನಮ್ಮಕ್ಕನ ಪಕ್ಕ ನಿಮ್ಮ ಕುರ್ಚಿ ಖಾಲಿ ಕಾಣಬಾರದು, ಅಷ್ಟೇ ತಾನೆ? ಅದಕ್ಕೆ ನಾನಿದ್ದೀನಲ್ಲ, ಹೋಗಿ ಕೂತ್ಕೋತೀನಿ."